ಹೊಟ್ಟೆ ಸೀಳಿದ ದ

ತಾಲ್ಲೂಕು ಕಚೇರಿಯವರು ತಂದಿದ್ದ ಹೂವಿನ ಹಾರವನ್ನು ಸುಬ್ಬಮ್ಮ ಅಕ್ಕನ ಎದೆಯ ಮೇಲಿಂದ ಎತ್ತಿದಳು. ಮೆಲ್ಲಗೆ ಎತ್ತಿದ್ದರಿಂದ, ಸರಿಮಾಡಿ ಹಾಕುತ್ತಾಳೆ ಎಂದೇ ಅಂಗಳದಲ್ಲಿ ಕೂತಿದ್ದವರು ತಿಳಿದರು. ಅವಳು ಹಾರ ಹಿಡಿದುಕೊಂಡು ಮನೆಯ ಪಕ್ಕದಿಂದ ಹಿತ್ತಿಲಿಗೆ ನಡೆದಳು. ನಿನ್ನೆ ಬೆಳಗಿನ ತನಕ ಬಚ್ಚಲುಮನೆ ಇದ್ದ ಜಾಗದಲ್ಲಿ ಈಗ ಕೆಂಪು ಮಣ್ಣು ಗುಪ್ಪೆ ಬಿದ್ದಿತ್ತು. ಅದರ ಮೇಲೆ ಹಾರವನ್ನು ಬೀಸಿ ಒಗೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ವಾಪಸು ಬಂದಳು.

"ಹಾರ ಹಾಕೋದು ಗೆದ್ದವರಿಗೆ ಅಲ್ದಾ ಸಾರ್? ಗೆದ್ದಿದ್ದು ಆ ಮಣ್ಣು. ಅದಕ್ಕೇ ಹಾಕಿ ಬಂದೆ."

ಹಾರ ತಂದ ಅಧಿಕಾರಿ ವೃಷಭೇಂದ್ರಪ್ಪ ಹೂವಿನ ಖಾಲಿ ಪ್ಲಾಸ್ಟಿಕ್ ಚೀಲವನ್ನು ಮಡಚಿ ಜೇಬಿಗಿಟ್ಟುಕೊಂಡ. ಹಿರಿಯೂರು ಕಡೆಯ ಮನುಷ್ಯ. ಈ ಸೀಮೆಗೆ ವರ್ಗವಾಗಿ ಬಂದು ಒಂದು ಮಳೆಗಾಲವೂ ಪೂರ್ತಿ ಕಳೆದಿರಲಿಲ್ಲ. ಗುಡ್ಡ, ಮಣ್ಣು, ನೆರೆ ಎಂದು ಯಾರು ಫೋನ್ ಮಾಡಿದರೂ ಅದು ಅವನ ಮೇಜಿಗೇ ಬರುತ್ತಿತ್ತು. ಕೆಟ್ಟವನೇನಲ್ಲ. ಸುಬ್ಬಮ್ಮನಿಗೆ ಅದೇ ಇನ್ನಷ್ಟು ಸಿಟ್ಟು ತರಿಸಿತು. ಕೆಟ್ಟವನಾಗಿದ್ದರೆ ಬಯ್ಯುವುದಾದರೂ ಸಲೀಸಾಗುತ್ತಿತ್ತು.

ನೆಮ್ಮಾರಿನಿಂದ ಮೇಲಕ್ಕೆ ಹತ್ತುವ ಮಣ್ಣುರಸ್ತೆಯ ಕೊನೆಗಿರುವ ಕಾರೆಗುಡ್ಡೆ ಎಂದರೆ ನಾಲ್ಕು ಮನೆಗಳ ಒಂದು ಸಾಲು, ಒಂದು ಶಾಲೆ, ಅದರ ಪಕ್ಕ ಒಂದು ಅಂಗನವಾಡಿ. ನಾಲ್ಕೂ ಮನೆಗಳ ಬೆನ್ನಿಗೆ ದರೆ. ಗುಡ್ಡ ಕಡಿದು ಮನೆ ಕಟ್ಟುವ ಈ ಕಡೆ, ಕಡಿದ ಮೇಲೆ ಹಿತ್ತಿಲಲ್ಲಿ ಗೋಡೆಯ ಹಾಗೆ ನಿಲ್ಲುವ ಮಣ್ಣಿಗೆ ದರೆ ಅನ್ನುತ್ತಾರೆ. ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಮಳೆ ಬಿಟ್ಟು ಬಿಸಿಲು ಕಾದು, ಇನ್ನು ಹೆದರಿಕೆಯಿಲ್ಲ ಎಂದು ಎಲ್ಲರೂ ಕಂಬಳಿ ಒಣಹಾಕಿದ ಬೆಳಿಗ್ಗೆ, ಬಚ್ಚಲೊಲೆಗೆ ಬೆಂಕಿ ಮಾಡುತ್ತಿದ್ದ ಸುಬ್ಬಮ್ಮನ ಅಕ್ಕ ಹೊನ್ನಕ್ಕನ ಮೇಲೆ ಆ ದರೆ ಬಿತ್ತು. ಮಣ್ಣು ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಆಸ್ಪತ್ರೆಯಲ್ಲಿ ಕೊಯ್ದು, ಹೊಲಿದು, ಇವತ್ತು ಮಧ್ಯಾಹ್ನ ತಂದು ಅಂಗಳದಲ್ಲಿ ಮಲಗಿಸಿದ್ದರು.

"ನೋಡ್ರಮ್ಮ," ವೃಷಭೇಂದ್ರಪ್ಪ ದನಿ ತಗ್ಗಿಸಿದ. "ನಿಮ್ಮ ಸಂಕಟ ನಂಗೆ ಅರ್ಥ ಆಗ್ತೈತೆ. ಆದ್ರೆ ನಾವೇನು ಸುಮ್ನೆ ಕುಂತಿರ್ಲಿಲ್ಲ. ನಿಮ್ಮಕ್ಕ ಫೋನ್ ಮಾಡಿದ್ಮೇಲೆ ಮಿಷನ್ ತರ್ಸಿ ಪರೀಕ್ಷೆ ಮಾಡ್ಸಿದ್ವಿ. ನೆಲ ಗಟ್ಟಿ ಐತೆ, ಬಂಡೆ ಹತ್ರಾನೇ ಐತೆ ಅಂತ ವರದಿ ಬಂತು. ಇದು ಆಕಸ್ಮಿಕ."

"ಗಟ್ಟಿ ಇದ್ದದ್ದು ಹ್ಯಾಗೆ ಬಿತ್ತು ಸಾರ್?"

"ಅದಕ್ಕೇ ಆಕಸ್ಮಿಕ ಅಂದಿದ್ದು."

"ಸರಿ. ನಮ್ಮಕ್ಕ ಹೋದಳು. ಇನ್ನೂ ಅರ್ಧ ದರೆ ಮೇಲೆ ನೇತಾಡ್ತಿದೆ, ಕಣ್ಣಿದ್ದರೆ ನೋಡಿ. ಕತ್ತಲೆಯಾಗೋ ಒಳಗೆ ಈ ನಾಲ್ಕು ಮನೆಯವರನ್ನ ಇಲ್ಲಿಂದ ಎಬ್ಬಿಸಿ. ನಾನು ಕೇಳೋದು ಅಷ್ಟೇ."

"ಗಟ್ಟಿ ಐತೆ ಅನ್ನೋ ವರದಿ ಇಟ್ಕೊಂಡು ಮನೆ ಖಾಲಿ ಮಾಡ್ರಿ ಅಂತ ನಾನು ಹೆಂಗ್ ಹೇಳ್ಲಿ? ಮೇಲಿನವರು ಕೇಳಲ್ವಾ?"

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಹೊನ್ನಕ್ಕನ ಗಂಡ ಕುಮಾರ ತಲೆಯೆತ್ತದೆ ಮಾತಾಡಿದ. "ಬಿಡು ಸುಬ್ಬಮ್ಮ. ಎಲ್ಲಿಗೆ ಅಂತ ಹೋಗೋದು? ಜೀವ ಹೋದ ಜಾಗದಲ್ಲಿ ಹನ್ನೊಂದನೇ ದಿನದ ತನಕ ದೀಪ ಇಡಬೇಕು. ನಾನೂ ಕಾವ್ಯನೂ ಇಲ್ಲೇ ಮಲಗ್ತೇವೆ."

"ಜೀವ ಹೋದ ಜಾಗ ಮಣ್ಣಡಿ ಇದೆ ಭಾವ. ಅಲ್ಲಿಗೆ ತೂರಿ ದೀಪ ಇಡ್ತೀರಾ?"

ಕುಮಾರ ಕಂಬದ ಆಚೆಗೆ ಮುಖ ತಿರುಗಿಸಿದ. ಕೊಪ್ಪದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಕಾವ್ಯ ತಾಯಿಯ ಕಾಲ ಬಳಿ ಕೂತಿದ್ದವಳು ಅಲುಗಾಡಲಿಲ್ಲ. ಸುಬ್ಬಮ್ಮನಿಗೆ ಸ್ವಂತ ಮಕ್ಕಳಿಲ್ಲ. ಈ ಹುಡುಗಿ ಇವತ್ತು ಆ ದರೆಯ ಬುಡದಲ್ಲಿ ಚಾಪೆ ಹಾಸಿ ಮಲಗುತ್ತಾಳೆ ಎಂದು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು. ಬೇರೆ ಏನಾದರೂ ಆಗಲಿ, ಅದೊಂದು ಆಗಕೂಡದು.

*

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ದೇವರು ಎರಡು ಬಾಯಿಯನ್ನೂ ಕಿರಿಯಳಿಗೇ ಕೊಟ್ಟುಬಿಟ್ಟ ಎಂದು ಅವರ ಅವ್ವ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಸುಬ್ಬಮ್ಮ ಬಾಳೆಹೊನ್ನೂರಿನ ಬಸ್ ನಿಲ್ದಾಣದ ಎದುರು ಕ್ಯಾಂಟೀನು ಹಾಕಿದ್ದಳು. ಎರಡನೇ ಸಲ ಚಟ್ನಿ ಕೇಳಲು ಡ್ರೈವರುಗಳೂ ಹೆದರುವಂಥ ಕ್ಯಾಂಟೀನು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ, ಅವಳು ಬದುಕಿದಳು.

ಹೊನ್ನಕ್ಕ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೆ, ಮುಂದಿನ ನಿಲ್ದಾಣದಲ್ಲಿ ಯಾರಿಗಾದರೂ ಬಿಟ್ಟುಕೊಡಬೇಕಾದೀತೆಂದು ತುದಿಯಲ್ಲೇ ಕೂರುವವಳು. ಮಕ್ಕಳು ಉಪ್ಪಿಟ್ಟು ಚೆಲ್ಲಿದರೆ ತಟ್ಟೆಗೆ ಬಯ್ಯುವವಳು, ಮಕ್ಕಳಿಗಲ್ಲ. ಅವಳ ಕೈಯಲ್ಲಿ ತಿಂದು ಬೆಳೆದವರು ಮೀಸೆ ಬಂದು ಪಿಕಪ್ ಓಡಿಸುವಂತಾದ ಮೇಲೂ ದಾರಿಯಲ್ಲಿ ಗಾಡಿ ನಿಲ್ಲಿಸಿ "ಉಪ್ಪಿಟ್ಟಮ್ಮ, ಹತ್ತಿ" ಎನ್ನುತ್ತಿದ್ದರು. ಅವಳು ಹಿಂದುಗಡೆ ಹುಲ್ಲಿನ ಹೊರೆಯ ಜೊತೆ ನಿಲ್ಲುತ್ತಿದ್ದಳು, ಮುಂದೆ ಜಾಗವಿದ್ದರೂ.

ಬೇಸಗೆಯಲ್ಲಿ ಕುಮಾರ ತನ್ನ ಪಿಕಪ್ ತಿರುಗಿಸಲು ಜಾಗ ಸಾಲದೆಂದು ಜೆಸಿಬಿ ತರಿಸಿ ದರೆಯ ಬುಡ ಕೆರೆಸಿದ. ಬೇಡ ಎಂದು ಹೇಳಲು ಹೊನ್ನಕ್ಕನಿಗೆ ಬಾಯಿ ಬರಲಿಲ್ಲ. ಮಳೆ ಹಿಡಿದ ಮೇಲೆ ಕಣ್ಣು ತೋರಿಸಲು ಬಾಳೆಹೊನ್ನೂರಿಗೆ ಬಂದವಳು ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಸುಮ್ಮನೆ ಕೂತಳು.

"ಎಂತ ಮಾರಾಯ್ತಿ, ಮುಖ ಹೀಗೆ?"

"ದರೆ ಅಲ್ಲಾಡ್ತಿದೆ ಕಣೇ. ಮೇಲೆ ಸೀಳು ಬಿಟ್ಟಿದೆ, ಕೈ ತೂರಿಸಬಹುದು. ಮಲಗಿದರೆ ಮಣ್ಣು ಉದುರೋ ಸದ್ದು ಕೇಳ್ತದೆ. ಈಗ ಅಂಗನವಾಡೀಲಿ ಮಲಗ್ತಿದ್ದೇವೆ."

ಸುಬ್ಬಮ್ಮ ಅಲ್ಲೇ ಕಚೇರಿಯ ನಂಬರು ಹುಡುಕಿ, ಒತ್ತಿ, ಫೋನನ್ನು ಅಕ್ಕನ ಕೈಗೆ ಕೊಟ್ಟಳು. ಹೊನ್ನಕ್ಕ ಎದ್ದು ನಿಂತು ಮಾತಾಡಿದಳು. ದೊಡ್ಡವರ ಹತ್ತಿರ ಫೋನಿನಲ್ಲಾದರೂ ಕೂತು ಮಾತಾಡುವುದುಂಟೇ? "ನಮಸ್ಕಾರ ಸಾರ್. ಕಾರೆಗುಡ್ಡೆಯಿಂದ, ಶಾಲೆ ಹತ್ರದಿಂದ ಮಾತಾಡೋದು. ಇಲ್ಲಿ ದರೆ ಅಲ್ಲಾಡ್ತಿದೆ ಸಾರ್. ಹೌದು, ದರೆ. ಜೋರೇನಿಲ್ಲ, ಸಣ್ಣಕ್ಕೆ. ಪಾತ್ರೆಯಾ? ಪಾತ್ರೆ ಎಂತ ಬಿದ್ದಿಲ್ಲ ಸಾರ್."

ಫೋನಿಟ್ಟವಳ ಮುಖ ಅರಳಿತ್ತು. "ಭಾರೀ ಒಳ್ಳೆ ಮನುಷ್ಯ ಕಣೇ. ಪಾತ್ರೆ ಗೀತ್ರೆ ಬಿದ್ದುವಾ ಅಂತೆಲ್ಲ ವಿಚಾರಿಸಿದರು. ಮಿಷನ್ ಕಳಿಸ್ತಾರಂತೆ."

ಮಿಷನ್ ಬಂತು. ಸ್ವಲ್ಪ ದಿನದಲ್ಲಿ ವರದಿಯೂ ಬಂತು. ಹೊನ್ನಕ್ಕ ತಂಗಿಗೆ ಫೋನ್ ಮಾಡಿದಳು. "ಗಟ್ಟಿ ಇದೆ ಅಂತೆ ಕಣೇ. ಸುಮ್ಮನೆ ಹೆದರಿದ್ವಿ. ಮನೆಗೆ ವಾಪಸು ಬಂದ್ವಿ." ಆ ದಿನ ಅವಳ ದನಿಯಲ್ಲಿದ್ದ ನೆಮ್ಮದಿ ನೆನಪಾದಾಗಲೆಲ್ಲ ಸುಬ್ಬಮ್ಮನಿಗೆ ಎದುರಿಗೆ ಸಿಕ್ಕಿದ್ದನ್ನು ಒಡೆದು ಹಾಕುವಷ್ಟು ಕೋಪ ಬರುತ್ತಿತ್ತು.

*

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದಾಗ ಒಂದು ಜೀಪು ಬಂದು ರಸ್ತೆಯಲ್ಲಿ ನಿಂತಿತು. ಮೂವತ್ತರ ಆಸುಪಾಸಿನವನೊಬ್ಬ ಇಳಿದು, ಬೂಟು ಬಿಚ್ಚಿ, ಹೊನ್ನಕ್ಕನ ಕಾಲಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿದ.

"ಇವರೇ ಚಿಕ್ಕಮ್ಮ, ಮಿಷನ್ ತಂದಿದ್ದು. ಈಶಾನ ಅಂತ," ಎಂದಳು ಕಾವ್ಯ. ಆ ದಿನ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಸುಬ್ಬಮ್ಮ ಅವನಿಗೆ ನೆಟ್ಟಗೆ ಎದುರಾಗಿ ನಿಂತಳು. "ಗಟ್ಟಿ ಇದೆ ಅಂತ ಬರೆದವರು ನೀವಾ?"

"ಹೌದು ಮೇಡಂ. ಕೊಪ್ಪದ ಹತ್ರ ಸೇತುವೆ ಕೆಲಸದಲ್ಲಿದ್ದೆ, ಸುದ್ದಿ ಗೊತ್ತಾಯ್ತು. ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡ್ತಾ ಬಂದೆ. ಅಲ್ಲಿ ನೆಲ ನಿಜವಾಗ್ಲೂ ಗಟ್ಟಿ ಇತ್ತು. ಹೇಗೆ ಬಿತ್ತು ಅಂತ ಅರ್ಥವಾಗ್ತಿಲ್ಲ. ಎಲ್ಲಿ ಬಿದ್ದಿದ್ದು?"

"ಹೋಗಿ ನೋಡಿ. ಹಿಂದೆ."

ಹಿತ್ತಿಲಿಗೆ ಹೋದವನು ಬೇಗ ಬರಲಿಲ್ಲ. ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. "ನಾವು ಇಲ್ಲಿಗೆ ಬಂದೇ ಇಲ್ಲ," ಎಂದ. "ನಮಗೆ ತೋರಿಸಿದ್ದು ಶಾಲೆ ಮೈದಾನ."

"ಅಕ್ಕ ಅಲ್ಲೇ ಇದ್ದಳಲ್ಲ? ಹೇಳಲಿಲ್ವಾ?"

"ಇದ್ದರು," ಎಂದು ಈಶಾನ ಹೊನ್ನಕ್ಕನ ಕಡೆ ನೋಡಿದ. "ಒಂದು ಮಾತು ಕೇಳಿದರು. ನಾನು ಉತ್ತರಾನೂ ಕೊಟ್ಟೆ."

*

ಆ ದಿನ ಶಾಲೆಯ ಮೈದಾನದಲ್ಲಿ ಈಶಾನನ ಹುಡುಗರು ಉದ್ದಕ್ಕೆ ಒಂದು ಕೇಬಲು ಎಳೆದು, ಚೂಪು ಕಾಲಿನ ಸಣ್ಣ ಸಣ್ಣ ಡಬ್ಬಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಲು ಹೆಣಗಾಡುತ್ತಿದ್ದರು. ಕೊನೆಯಲ್ಲೊಂದು ಕಬ್ಬಿಣದ ತಟ್ಟೆ. ಅದರ ಮೇಲೆ ಚಮ್ಮಟಿಗೆಯಿಂದ ಹೊಡೆದರೆ ನೆಲ ನಡುಗುತ್ತದೆ. ಆ ನಡುಕ ಒಂದೊಂದು ಡಬ್ಬಿಯನ್ನೂ ಯಾವಾಗ ಮುಟ್ಟಿತು ಎಂದು ಕಂಪ್ಯೂಟರು ಬರೆದುಕೊಳ್ಳುತ್ತದೆ. ಕಲ್ಲಿದ್ದಲ್ಲಿ ನಡುಕ ಓಡುತ್ತದೆ, ಸಡಿಲ ಮಣ್ಣಿದ್ದಲ್ಲಿ ಕಾಲೆಳೆಯುತ್ತದೆ. ಅಗೆಯದೆಯೇ ಅಡಿಯಲ್ಲಿ ಏನಿದೆಯೆಂದು ತಿಳಿಯುವ ಉಪಾಯ ಅದು.

ಹೊನ್ನಕ್ಕ ಅವರಿಗೆಲ್ಲ ಕಡುಬು ಚಟ್ನಿ ತಂದಿದ್ದಳು. ಯಾರಾದರೂ ನಡೆದಾಡಿದರೆ ಮಿಷನ್ನಿಗೆ ಗೊತ್ತಾಗುತ್ತದೆ ಎಂದಿದ್ದಕ್ಕೆ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ನಿಂತಳು. ಕೆಲಸ ಮುಗಿದ ಮೇಲೆ, ಬಡಿಸುತ್ತ, ಸಂಕೋಚದಿಂದ ಕೇಳಿದಳು.

"ದರೆ ಹತ್ರ ಬರೋದಿಲ್ವಾ ಸಾರ್? ಇಲ್ಲಿಂದಾನೇ ದರೆ ಕಾಣ್ತದಾ?"

ಹಳ್ಳಿಯ ಹೆಂಗಸು ಎಷ್ಟು ಚಂದದ ಮಾತಾಡುತ್ತಾಳೆ ಎಂದು ಈಶಾನನಿಗೆ ಖುಷಿಯಾಗಿತ್ತು. "ಕಾಣುತ್ತೆ ಅಮ್ಮ, ಆಳದವರೆಗೂ ಕಾಣುತ್ತೆ. ನಾವು ನಿಂತಿರೋದೇ ಧರೆಯ ಮೇಲಲ್ವಾ?"

ಹೊನ್ನಕ್ಕ ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು. ಮಿಷನ್ನಿಗೆ ಇಲ್ಲಿಂದಲೇ ಕಾಣುತ್ತದೆ ಎಂದ ಮೇಲೆ ಕಾಣುತ್ತದೆ. ಓದಿದವರು. ಅವನ ಎಲೆಗೆ ಇನ್ನೊಂದು ಕಡುಬು ಹಾಕಿದಳು.

*

ಈಶಾನ ಹೇಳಿ ಮುಗಿಸಿದ. ಸುಬ್ಬಮ್ಮ ಅವನ ಮುಖವನ್ನೇ ನೋಡುತ್ತ ಕೇಳಿದಳು.

"ದರೆ ಅಂದ್ರೆ ಎಂತ ಅಂತ ಗೊತ್ತಾ ನಿಮಗೆ?"

"ಭೂಮಿ," ಎಂದ ಈಶಾನ. ಎಂದಕೂಡಲೇ ಸುತ್ತಲಿನ ಮುಖಗಳನ್ನು ಕಂಡು ತಡವರಿಸಿದ. "ಅಲ್ವಾ?"

ಪಕ್ಕದ ಮನೆಯ ಯಮುನಮ್ಮನ ಗಂಟಲಿಂದ ನಗುವಿನಂಥದ್ದೊಂದು ಹೊರಟು ಅಳುವಾಯಿತು. ಅವಳ ಮನೆಗೂ ಅದೇ ದರೆ. "ಅಯ್ಯೋ ದೇವರೇ! ದರೆ ಅಂದ್ರೆ ಹಿತ್ತಿಲ ದರೆ ಮಾರಾಯಾ. ಹೋಗಿ ನೋಡಿ ಬಂದೆಯಲ್ಲ, ಅದು!"

ಸುಬ್ಬಮ್ಮ ವೃಷಭೇಂದ್ರಪ್ಪನ ಕಡೆ ತಿರುಗಿದಳು. "ನೀವು ಎಂತ ಬರೆದಿರಿ ಸಾರ್? ಅಕ್ಕ ಹೇಳಿದ್ದನ್ನ?"

ಅವನು ತುಟಿ ಒದ್ದೆ ಮಾಡಿಕೊಂಡ. "ಧರೆ ಅಲ್ಲಾಡ್ತೈತೆ ಅಂದ್ರು. ಭೂಕಂಪ ಅಂತ ತಿಳ್ಕೊಂಡು, ಪಾತ್ರೆ ಬಿದ್ವೇನಮ್ಮಾ ಅಂತ್ಲೂ ಕೇಳ್ದೆ. ಶಾಲೆ ಹತ್ರ ಅಂದ್ರು. ಕಾರೆಗುಡ್ಡೆ ಶಾಲೆ ಬಳಿ ಭೂಮಿ ಅದುರ್ತೈತೆ, ಪರೀಕ್ಷೆ ಮಾಡಿ ಅಂತ ಬರ್ದು ಕಳಿಸ್ದೆ. ಧರೆ ಅಂದ್ರೆ ಭೂಮೀನೇ ಅಲ್ವೇನ್ರೀ? ಶಾಲೆಯಾಗೆ ಹಂಗೇ ಓದಿದ್ವಿ."

"ಇವರದ್ದು ಹೊಟ್ಟೆ ಸೀಳಿದ ದ, ಚಿಕ್ಕಮ್ಮ," ಕಾವ್ಯ ನೆಲದ ಮೇಲೆ ಬೆರಳಲ್ಲಿ 'ದ' ಬರೆದು, ಅದರ ಹೊಟ್ಟೆಗೆ ಗೀಟೆಳೆದು 'ಧ' ಮಾಡಿದಳು. "ನಮ್ಮದು ಬರೀ ದ."

"ಹೊಟ್ಟೆ ಸೀಳಿದ್ದು ಯಾರದ್ದು?" ಸುಬ್ಬಮ್ಮನ ಕೂಗಿಗೆ ರಸ್ತೆಯಲ್ಲಿದ್ದವರೂ ತಿರುಗಿದರು. "ನೋಡಿ ಇಲ್ಲಿ. ಸೀರೆ ಸರಿಸಿ ತೋರಿಸ್ಲಾ? ಆಸ್ಪತ್ರೆಯಲ್ಲಿ ಗೋಣಿ ಹೊಲಿದ ಹಾಗೆ ಹೊಲಿದು ಕಳಿಸಿದ್ದಾರೆ. ನಿಮ್ಮ ಅಕ್ಷರದ ಹೊಟ್ಟೆ ಅಲ್ಲ, ನನ್ನ ಅಕ್ಕನ ಹೊಟ್ಟೆ! ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು. ಎಂತಮ್ಮಾ ಹಾಗಂದ್ರೆ ಅಂತ ಒಂದು ಮಾತು. ಪಾತ್ರೆ ಬಿತ್ತಾ ಅಂತ ಕೇಳೋಕೆ ಬಾಯಿತ್ತು, ಅದಕ್ಕಿರಲಿಲ್ವಾ?"

ವೃಷಭೇಂದ್ರಪ್ಪ ತಲೆ ತಗ್ಗಿಸಿದ. "ತಪ್ಪಾತು. ಆಗಿದ್ದು ಆಗೋಯ್ತು, ಹೊತ್ತಾಗ್ತೈತೆ. ಮೊದ್ಲು ಸಂಸ್ಕಾರದ ಕೆಲ್ಸ ಮುಗೀಲಿ. ನಾಳೆ ಬಂದು..."

"ನಾಳೆ?" ಸುಬ್ಬಮ್ಮ ಚಟ್ಟದ ಬಳಿ ಹೋಗಿ ಹಗ್ಗದ ಸುರುಳಿಯನ್ನು ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡಳು. "ಜೀಪಲ್ಲಿ ಮಿಷನ್ ಇದೆಯಾ ತಮ್ಮಾ?"

"ಇದೆ," ಎಂದ ಈಶಾನ.

"ಹಾಗಾದ್ರೆ ದರೆ ಮೇಲೆ ಹೊಡಿ. ಈಗಲೇ. ಹೊಡೆದು ಇವರ ಎದುರಿಗೆ ಹೇಳು. ಅಲ್ಲಿ ತನಕ ನಮ್ಮಕ್ಕ ಇಲ್ಲಿಂದ ಏಳೋದಿಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. ಸೌದೆ ಒಟ್ಟಿ ಆಗಿತ್ತು. ಹೆಣ ಏಳುವ ತನಕ ಊರಲ್ಲಿ ಒಲೆ ಹಚ್ಚುವಂತಿಲ್ಲ. ಬೆಳಗಿನಿಂದ ಯಾರ ಹೊಟ್ಟೆಗೂ ಕೂಳಿಲ್ಲ. ಹಿರಿಯರೊಬ್ಬರು, ಹೆಣ ಇಟ್ಟುಕೊಂಡು ಜಗಳ ಮಾಡಬಾರದು ತಂಗಿ, ಹೋದ ಜೀವಕ್ಕೆ ಒಳ್ಳೆಯದಲ್ಲ ಎಂದರು. ಕುಮಾರ ಎದ್ದು ಬಂದ.

"ಹಗ್ಗ ಕೊಡು ಸುಬ್ಬಮ್ಮ. ಹೆಂಡತಿ ನನ್ನದು. ನನ್ನ ಮನೆ ಮರ್ಯಾದೆ ರಸ್ತೆಗೆ ತರಬೇಡ."

"ಮರ್ಯಾದೆ!" ಸುಬ್ಬಮ್ಮ ಹೇಳಬಾರದೆಂದು ನಿನ್ನೆಯಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂತು. "ದರೆ ಬುಡ ಕೆರೆಸಿದವರು ಯಾರು ಭಾವ? ಗಾಡಿ ತಿರುಗಿಸಬೇಕಿತ್ತಲ್ಲ, ತಿರುಗಿಸಿ ಈಗ! ಒಬ್ಬಳನ್ನ ಹೂತಾಯ್ತು. ಮಗಳನ್ನೂ ಅದರಡಿ ಮಲಗಿಸ್ತೀರಾ?"

ಕುಮಾರನ ಕೈ ಚಾಚಿದ್ದಲ್ಲೇ ನಿಂತಿತು. ಕಾವ್ಯ ತಾಯಿಯ ಕಾಲ ಬಳಿಯಿಂದ ಎದ್ದಳು. "ನಾನು ಒಳಗೆ ಮಲಗಲ್ಲ ಅಪ್ಪ," ಎಂದು ಹೇಳಿ, ಈಶಾನನ ಜೀಪಿನ ಕಡೆ ನಡೆದು, ಅದರ ಹಿಂಬಾಗಿಲು ತೆರೆದು ಕೇಬಲಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡಳು.

*

ದರೆಯ ತಲೆಯ ಮೇಲೆ ಹೋಗಲು ಸುತ್ತುಬಳಸಿ ಕಾಲುದಾರಿಯಿತ್ತು. ಈಶಾನ, ಜೀಪಿನಲ್ಲಿ ಅವನ ಜೊತೆ ಬಂದಿದ್ದ ಹುಡುಗ, ಕಾವ್ಯ, ಸುಬ್ಬಮ್ಮ, ಹಿಂದಿನಿಂದ ವೃಷಭೇಂದ್ರಪ್ಪ ಅದರಲ್ಲಿ ಹತ್ತಿದರು. ಸೀಳಿನ ಹತ್ತಿರ ಯಾರೂ ಹೋಗಬೇಡಿ ಎಂದು ಈಶಾನ ಹಿಂದಕ್ಕೆ ಜಾಗ ಬಿಟ್ಟು ಸಾಲು ಹಾಕಿದ. ಮೈದಾನದಲ್ಲಿ ಹೆಣಗಾಡಿ ಚುಚ್ಚಬೇಕಾಗಿದ್ದ ಡಬ್ಬಿಗಳ ಕಾಲು ಇಲ್ಲಿ ಕಡುಬಿಗೆ ಕಡ್ಡಿ ಹೋದ ಹಾಗೆ ಇಳಿದವು. ಅವನು ಒಂದು ಕ್ಷಣ ಕಾವ್ಯಳ ಮುಖ ನೋಡಿ ಕಣ್ಣು ತಪ್ಪಿಸಿದ.

"ಯಾರೂ ಅಲ್ಲಾಡಬಾರದು," ಎಂದು ಅವನು ಕೂಗಿದ. "ಕೆಳಗಿನವರಿಗೂ ಹೇಳಿ. ಕಾಲು ಸದ್ದು ಬಂದರೂ ಇದರಲ್ಲಿ ಬೀಳುತ್ತೆ."

ಅದನ್ನು ಕೆಳಗಿನವರಿಗೆ ಹೇಳಿದವಳು ಸುಬ್ಬಮ್ಮ. ದರೆಯ ಮೇಲಿನಿಂದ ಅಂಗಳಕ್ಕೆ ಕೇಳುವಂತೆ ಕೂಗಿ ಹೇಳಿದಳು. ಶಂಖ ಜಾಗಟೆಯ ದಾಸಯ್ಯ ಜಾಗಟೆಯನ್ನು ಎದೆಗೆ ಒತ್ತಿ ಹಿಡಿದ. ಗಂಡಸರು ನಿಂತಲ್ಲೇ ನಿಂತರು. ಎದೆ ಬಡಿದುಕೊಂಡು ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಸತ್ತವಳ ಮುಂದೆ ಅಳಬೇಡಿ ಎಂದು ಸತ್ತವಳ ತಂಗಿಯೇ ಹೇಳಬೇಕಾಗಿ ಬಂತಲ್ಲ ಎಂದು ಸುಬ್ಬಮ್ಮನಿಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ತಿಳಿಯಲಿಲ್ಲ.

ಈಶಾನ ಪರದೆ ನೋಡುತ್ತ ಕೈ ಎತ್ತಿದವನು ಇಳಿಸಿದ. "ಯಾರೋ ಅಲ್ಲಾಡ್ತಿದ್ದಾರೆ. ಆ ಕೊನೆಯಲ್ಲಿ."

ಎಲ್ಲರೂ ತಿರುಗಿದರು. ಸಾಲಿನ ಆ ತುದಿಗೆ, ಯಾರ ಕಣ್ಣಿಗೂ ಬೀಳದಂತೆ ಹತ್ತಿ ಬಂದಿದ್ದ ಕುಮಾರ ಕುಕ್ಕರಗಾಲಲ್ಲಿ ಕೂತು, ಬಲಗೈಯ ಮುಷ್ಟಿಯಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತಿದ್ದ. ಕುಟ್ಟುತ್ತಿದ್ದೇನೆಂದು ಅವನಿಗೆ ಗೊತ್ತಿದ್ದಂತಿರಲಿಲ್ಲ. ನಿನ್ನೆಯಿಂದ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಸುಬ್ಬಮ್ಮ ಹತ್ತಿರ ಹೋಗಿ ಆ ಮುಷ್ಟಿಯನ್ನು ಹಿಡಿದಳು.

"ಆಮೇಲೆ ಹೊಡ್ಕೊಳ್ಳಿ ಭಾವ. ಆಮೇಲೆ ಇಬ್ಬರೂ ಹೊಡ್ಕೊಳ್ಳೋಣ. ಈಗ ಸುಮ್ಮನಿರಿ."

ಅವಳು ಅವನ ಕೈ ಬಿಡಲಿಲ್ಲ. ಈಶಾನನ ಹುಡುಗ ಚಮ್ಮಟಿಗೆ ಎತ್ತಿ ಕಬ್ಬಿಣದ ತಟ್ಟೆಗೆ ಹೊಡೆದ. ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಮತ್ತೆ ಹೊಡೆದ, ಮತ್ತೆ. ಒಂದೊಂದು ಏಟಿಗೂ ಕುಮಾರನ ಕೈ ಅವಳ ಕೈಯೊಳಗೆ ಅದುರಿತು.

ಈಶಾನ ಪರದೆಯನ್ನು ವೃಷಭೇಂದ್ರಪ್ಪನ ಕಡೆ ತಿರುಗಿಸಿದ. "ಪೂರ್ತಿ ಲೆಕ್ಕ ಆಮೇಲೆ ಕೊಡ್ತೀನಿ ಸರ್. ಆದರೆ ಇಷ್ಟು ಕಣ್ಣಿಗೇ ಕಾಣ್ತಿದೆ. ಮೈದಾನದಲ್ಲಿ ಹೊಡೆದ ಏಟು ಆ ತುದಿಗೆ ಓಡಿತ್ತು. ಇಲ್ಲಿ ತೆವಳ್ತಿದೆ. ಮೇಲೆಲ್ಲ ನೀರು ಕುಡಿದ ಸಡಿಲ ಮಣ್ಣು, ಬಂಡೆ ಬಹಳ ಕೆಳಗಿದೆ. ಇದು ಇನ್ನೂ ಬರುತ್ತೆ. ಇವತ್ತೇ ಬರಬಹುದು. ನಾಲ್ಕೂ ಮನೆ ಖಾಲಿಯಾಗಬೇಕು."

"ಬರ್ದು ಕೊಡ್ತೀರಾ?"

"ಕೊಡ್ತೀನಿ. ಹೋದ ಸಲದ ಹಾಗೆ ಅಲ್ಲ, ಯಾವ ಜಾಗ ಅಂತ ಇವರನ್ನ ಕೇಳಿ ಬರೀತೀನಿ."

ವೃಷಭೇಂದ್ರಪ್ಪ ಫೋನ್ ಹಿಡಿದು ಸಿಗ್ನಲ್ ಹುಡುಕುತ್ತ ಆಚೆ ಈಚೆ ನಡೆದ. ಶಾಲೆಯ ಕಟ್ಟಡ ತೆರೆಸಲು ಯಾರದೋ ಒಪ್ಪಿಗೆ ಬೇಕಿತ್ತು; ಆ ಯಾರೋ ಸಿಗಲಿಲ್ಲ. ಅಂಗನವಾಡಿಯಲ್ಲಿ ನಾಲ್ಕು ಮನೆಯವರು ಹಿಡಿಸುವುದಿಲ್ಲ. ಕೊನೆಗೆ ಹಣೆ ಒರೆಸಿಕೊಂಡು ಸುಬ್ಬಮ್ಮನ ಹತ್ತಿರ ಬಂದ. "ಮನೆ ಖಾಲಿ ಮಾಡ್ಸಾಕೆ ನಾನು ಹೇಳೀನಿ ಅಂತ ಹೇಳ್ರಿ. ಇವತ್ತಿಗೆ ಮೈದಾನದಾಗೆ ಟಾರ್ಪಾಲು ಹಾಕ್ಕೊಳ್ರಿ. ನಮ್ಮ ಕಚೇರಿ ಜೀಪಲ್ಲಿ ಟಾರ್ಪಾಲು, ಗೂಟ ಎಲ್ಲಾ ಅದಾವೆ. ನಾಳೆ ಬೀಗ ತೆಗೆಸ್ತೀನಿ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ. ಆದರೂ ಹಾಕಿದನಲ್ಲ. ಸುಬ್ಬಮ್ಮ ಕಂಕುಳಿನಿಂದ ಹಗ್ಗ ತೆಗೆದು ಕುಮಾರನ ಕೈಗೆ ಕೊಟ್ಟಳು.

*

ಹೆಣ ಎತ್ತುವ ಮುಂಚೆ ಒಬ್ಬೊಬ್ಬರೇ ಬಂದು ಹೊನ್ನಕ್ಕನ ಬಾಯಿಗೆ ತುಳಸಿ ನೀರು ಬಿಟ್ಟರು. ಸುಬ್ಬಮ್ಮನ ಸರದಿ ಬಂದಾಗ ಅವಳು ಮಂಡಿಯೂರಿ, ಎಲೆಯಲ್ಲಿ ನೀರು ತೆಗೆದುಕೊಂಡು, ಬಿಡದೆ ಕೂತಳು.

"ಬಾಯಿ ಬಿಡು," ಎಂದಳು. ಯಾರಿಗೂ ಕೇಳದಷ್ಟು ಮೆಲ್ಲಗೆ ಶುರುವಾದದ್ದು ಎಲ್ಲರಿಗೂ ಕೇಳುವಂತಾಯಿತು. "ಇನ್ನೊಂದು ಸಲ ಕೇಳೋಕೆ ಎಂತ ಆಗಿತ್ತು ನಿನಗೆ? ಅವನ ಕೈ ಹಿಡಿದು ಎಳ್ಕೊಂಡು ಬಂದು ಇದು ದರೆ ಅಂತ ತೋರಿಸೋಕೆ ಎಂತ ಆಗಿತ್ತು? ಕಡುಬು ಬಡಿಸಿದೆಯಂತೆ! ಎಲ್ಲರಿಗೂ ಜಾಗ ಬಿಟ್ಟೆ, ಬಿಟ್ಟೆ, ಕೊನೆಗೆ ಮಣ್ಣಿಗೂ ಬಿಟ್ಟೆಯಲ್ಲೇ ಅಕ್ಕ." ನೀರು ಅವಳ ಬೆರಳ ಸಂದಿಯಿಂದ ಸೋರಿ ಹೊನ್ನಕ್ಕನ ಗಲ್ಲದ ಮೇಲೆ ಇಳಿಯಿತು. ಕಾವ್ಯ ಬಂದು ಅವಳನ್ನು ಎಬ್ಬಿಸಿದಳು.

ದಾಸಯ್ಯ ಜಾಗಟೆ ಬಡಿದ. ಗಂಡಸರು ಚಟ್ಟ ಹೊತ್ತು ಹೊಳೆಯ ಕಡೆಗೆ ಇಳಿದರು. ಮಸಣಕ್ಕೆ ಹೆಂಗಸರು ಹೋಗುವ ಪದ್ಧತಿ ಆ ಕಡೆ ಇಲ್ಲ. ಹಿಂದೆ ಉಳಿದು ಮನೆ ತೊಳೆಯಬೇಕು. ಇವತ್ತು ಯಾರೂ ಮನೆ ತೊಳೆಯಲಿಲ್ಲ. ಯಮುನಮ್ಮ ದನ ಬಿಚ್ಚಿಕೊಂಡು ಬಂದಳು. ಒಬ್ಬಳು ಗ್ಯಾಸ್ ಸಿಲಿಂಡರ್ ಉರುಳಿಸಿದಳು, ಒಬ್ಬಳು ಹಾಸಿಗೆ ಹೊತ್ತಳು, ಇನ್ನೊಬ್ಬಳು ದೇವರ ಪಟಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತಳು. ನಾಲ್ಕು ಮನೆಯ ಸಂಸಾರ ಸಂಜೆಯ ಬಿಸಿಲಲ್ಲಿ ಮೈದಾನದ ಕಡೆಗೆ ಸಾಗಿತು.

ಟಾರ್ಪಾಲು ಕಟ್ಟಲು ಮೊದಲ ಗೂಟವನ್ನು ಕಾವ್ಯ ನೆಟ್ಟಗೆ ಹಿಡಿದಳು. ಈಶಾನ ಬಿಟ್ಟುಹೋಗಿದ್ದ ಚಮ್ಮಟಿಗೆಯನ್ನು ಸುಬ್ಬಮ್ಮ ಎತ್ತಿ ಹೊಡೆದಳು. ಗೂಟ ಟಣ್ಣೆಂದು ಪುಟಿಯಿತು. ಒಂದು ಮಾರು ಆಚೆ ಹಿಡಿದು ಹೊಡೆದರು. ಅಲ್ಲೂ ಅಷ್ಟೇ.

"ಇಲ್ಲಿ ಕಲ್ಲಿದೆ ಮಾರಾಯ್ತಿ, ಬೇರೆ ಕಡೆ ನೋಡೋಣ," ಎಂದಳು ಯಮುನಮ್ಮ.

"ಎಲ್ಲಾ ಕಡೆ ಕಲ್ಲೇ," ಎಂದಳು ಕಾವ್ಯ. "ಇಲ್ಲಿ ಗಟ್ಟಿ ಅಂತ ಅವರು ಬರೆದಿದ್ದು ಸುಳ್ಳಲ್ಲ ಚಿಕ್ಕಮ್ಮ."

ಸುಬ್ಬಮ್ಮ ಕಾವ್ಯಳ ಕೈ ಸರಿಸಿ, ಸೆರಗು ಸೊಂಟಕ್ಕೆ ಬಿಗಿದು, ಚಮ್ಮಟಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ಇದ್ದಬದ್ದ ಸಿಟ್ಟೆಲ್ಲ ಸೇರಿಸಿ ಹೊಡೆದಳು. ಮತ್ತೆ ಹೊಡೆದಳು. ಯಮುನಮ್ಮ ಸಾಕು ಎಂದರೂ ಹೊಡೆದಳು. ಗೂಟ ಸೊಟ್ಟಗಾಗಿ ಪಕ್ಕಕ್ಕೆ ಬಿತ್ತು. ನೆಲದ ಮೇಲೆ ಉಗುರಿನಷ್ಟು ಬಿಳಿ ಗುರುತು ಬಿದ್ದಿತ್ತು.